ಮೃಚ್ಛಕಟಿಕದ ವ್ಯವಹಾರಾಂಕ: ಆಪಾದಿತನ ಪಕ್ಷದಿಂದ ಒಂದು ವಿಮರ್ಶೆ

ಶೂದ್ರಕಕವಿಯ ಹೆಸರಿನಿಂದ ಪ್ರಸಿದ್ಧವಾಗಿರುವ ಮೃಚ್ಛಕಟಿಕವೆಂಬ ಪ್ರಕರಣವು ಸಂಸ್ಕೃತ ರೂಪಕಗಳಲ್ಲಿ ಒಂದು ವಿಲಕ್ಷಣವಾದ ಕೃತಿಯೆಂಬುದು ವಾಚಕರಿಗೆ ವಿದಿತವೇ ಆಗಿರುವುದು. ರಾಜರ ಅಂತಃಪುರವನ್ನೂ ಋಷಿಗಳ ಆಶ್ರಮವನ್ನೂ ಬಿಟ್ಟು ಉಜ್ಜಯಿನಿಯ ಬೀದಿಗೆ ಇಳಿದು ಬಂದ ಕಾವ್ಯವಿದು. ಇದರ ಹತ್ತು ಅಂಕಗಳಲ್ಲಿ ಸಹೃದಯರು ವಿಶೇಷವಾಗಿ ಕೊಂಡಾಡುವುದು ಮೂರನೆಯದರಲ್ಲಿ ಶರ್ವಿಲಕನು ಕೊರೆಯುವ ಕನ್ನವನ್ನು, ಐದನೆಯದರ ಮಳೆಯನ್ನು, ಆರನೆಯದರಲ್ಲಿ ಬರುವ ಮಣ್ಣಿನ ಬಂಡಿಯನ್ನು. ‘ವ್ಯವಹಾರ’ವೆಂಬ ಒಂಬತ್ತನೆಯ ಅಂಕವನ್ನಾದರೋ, ಕಥೆಯನ್ನು ಶೂಲದ ಬುಡಕ್ಕೆ ಮುಟ್ಟಿಸುವ ಮೆಟ್ಟಿಲೆಂದು ಮಾತ್ರ ಎಣಿಸಿ ಮುಂದೆ ಸಾಗುವವರೇ ಹೆಚ್ಚು. ನಿರಪರಾಧಿಯಾದ ಚಾರುದತ್ತನಿಗೆ ಮರಣದಂಡನೆಯು ಹೇಗೆ ಪ್ರಾಪ್ತವಾಯಿತೆಂದು ಕೇಳಿದರೆ, ದೈವವಿಲಸಿತವೆಂದು ಹೇಳಿ ಸುಮ್ಮನಾಗುವುದು ಪಾಠಶಾಲೆಗಳಲ್ಲಿ ವಾಡಿಕೆ.

ಈ ಸಮಾಧಾನವು ನಮಗೆ ಸಾಲದು. ಆ ಅಂಕದಲ್ಲಿ ಕವಿಯು ದೈವಕ್ಕೆ ಬಿಟ್ಟಿರುವುದು ಬಹು ಸ್ವಲ್ಪ. ವಿಚಾರಣೆಯು ಯಾವ ಯಾವ ಹೆಜ್ಜೆಯಲ್ಲಿ ದಾರಿ ತಪ್ಪಿತೆಂಬುದನ್ನು ಆತನು ಬೆರಳಿಟ್ಟು ತೋರಿಸಿರುವನು. ಹಾಗೆ ದಾರಿ ತಪ್ಪಿದ ವಿಚಾರಣೆಯನ್ನು ನಡೆಯಿಸಿದವನು ಸಜ್ಜನನೆಂಬುದೇ ಅಂಕದ ಮರ್ಮವು. ಆಪಾದಿತನ ಪ್ರಾಣವು ನ್ಯಾಯಾಧಿಪತಿಯ ಸೌಜನ್ಯವೊಂದನ್ನೇ ಆಶ್ರಯಿಸಿ ಉಳಿಯಲಾರದು, ಒಳ್ಳೆಯವರನ್ನೂ ಕಟ್ಟಿಹಾಕುವ ಕಟ್ಟಳೆಗಳು ಬೇಕು ಎಂಬುದು ಇದರಿಂದ ಹೊರಡುವ ತಾತ್ಪರ್ಯ. ೧೯೫೦ನೆಯ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ೨೦, ೨೧ ಮತ್ತು ೨೨ನೆಯ ಅನುಚ್ಛೇದಗಳನ್ನು ಪಕ್ಕದಲ್ಲಿಟ್ಟುಕೊಂಡು ಈ ಅಂಕವನ್ನು ಓದುವವರಿಗೆ ಇದು ಸ್ಪಷ್ಟವಾಗುವುದು. ಸಂವಿಧಾನಕರ್ತರು ಈ ನಾಟಕವನ್ನು ನೋಡಿಕೊಂಡು ಬರೆದರೆಂದು ಯಾರೂ ಭಾವಿಸತಕ್ಕದ್ದಿಲ್ಲ. ಹಳೆಯ ಕವಿಯನ್ನು ಹೊಸ ಕಾನೂನಿನ ಕೊಳಗದಿಂದ ಅಳೆಯಬೇಕೆಂಬ ಹಠವೂ ನಮಗಿಲ್ಲ. ಕವಿಯು ಗುರುತಿಸಿದ ರೋಗಕ್ಕೆ ಶತಮಾನಗಳ ಮೇಲೆ ಯಾವ ಔಷಧವು ದೊರೆಯಿತೆಂಬುದನ್ನು ನೋಡುವುದಷ್ಟೇ ಇಲ್ಲಿಯ ಉದ್ದೇಶ.

ಕಥಾಂಶವನ್ನು ಸಂಕ್ಷೇಪವಾಗಿ ನೆನೆಯೋಣ. ರಾಜನಾದ ಪಾಲಕನ ಭಾವಮೈದುನ ಶಕಾರನು ಪುಷ್ಪಕರಂಡಕವೆಂಬ ಉದ್ಯಾನದಲ್ಲಿ ವಸಂತಸೇನೆಯ ಕೊರಳನ್ನು ಹಿಸುಕಿ, ಸತ್ತಳೆಂದು ಬಗೆದು ತರಗೆಲೆಗಳಿಂದ ಮುಚ್ಚಿ, ಆ ಕೊಲೆಯನ್ನು ಚಾರುದತ್ತನ ತಲೆಗೆ ಕಟ್ಟುವುದಕ್ಕೋಸ್ಕರ ಧರ್ಮಾಧಿಕರಣಕ್ಕೆ ಬರುತ್ತಾನೆ. ಅಲ್ಲಿ ಅಧಿಕರಣಿಕನೆಂಬ ನ್ಯಾಯಾಧಿಪತಿಯೂ ಅವನಿಗೆ ಸಹಾಯಕರಾಗಿ ಶ್ರೇಷ್ಠಿ, ಕಾಯಸ್ಥರೂ ಕುಳಿತಿರುತ್ತಾರೆ. ಅಧಿಕರಣಿಕನು ವಿವೇಕಿ. ವ್ಯಾಜ್ಯಗಾರರ ಅಂತರಂಗವನ್ನು ಅರಿಯುವುದು ಎಷ್ಟು ಕಷ್ಟವೆಂದು ಮೊದಲೇ ಮರುಗುವವನು. ಚಾರುದತ್ತನಿಗೆ ಆಸನವನ್ನು ಕೊಡಿಸುವವನು. ಇಂಥವನು ಕೊಲೆ ಮಾಡಿರಲಾರನೆಂದು ಬಾಯಿಬಿಟ್ಟು ಹೇಳುವವನು. ಹಾಗಿದ್ದಾಗ್ಯೂ ಆ ಕಲಾಪವು ಮುಗಿಯುವುದರೊಳಗೆ ಇದೇ ಸಜ್ಜನನ ಕೈಯಿಂದಲೇ ಚಾರುದತ್ತನು ಸೆರೆಯಾಗುತ್ತಾನೆ.

ಮೊದಲ ಬಿರುಕು ಪ್ರಾರಂಭದಲ್ಲಿಯೇ ಕಾಣುವುದು. ಶಕಾರನ ದೂರನ್ನು ಈ ದಿನ ವಿಚಾರಿಸುವುದಿಲ್ಲವೆಂದು ಅಧಿಕರಣಿಕನು ಹೇಳಿ ಕಳುಹಿಸುತ್ತಾನೆ. ಶಕಾರನು ತನ್ನ ಅಕ್ಕನ ಮೂಲಕ ರಾಜನಿಗೆ ತಿಳಿಸಿ, ಇವನನ್ನು ತೆಗೆಯಿಸಿ ಬೇರೊಬ್ಬನನ್ನು ಆ ಪೀಠದಲ್ಲಿ ಕೂಡಿಸುವೆನೆಂದು ಗದರಿಸುತ್ತಾನೆ. ಒಡನೆಯೇ ದೂರು ಅಂಗೀಕೃತವಾಗುವುದು. ಸಾಕ್ಷಿಗಳಲ್ಲಿ ಒಬ್ಬರೂ ಬಾಯಿತೆರೆಯುವುದಕ್ಕೆ ಮೊದಲೇ ಪೀಠವು ಅಲುಗಾಡಿತೆಂದು ಕವಿಯು ಸೂಚಿಸಿರುವನು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ಸಂವಿಧಾನದ ೫೦ನೆಯ ಅನುಚ್ಛೇದವು ನಿರ್ದೇಶಿಸಿರುವುದೂ, ಉಚ್ಚ ನ್ಯಾಯಾಲಯಗಳ ಹಾಗೂ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ಅಧಿಕಾರದಲ್ಲಿರುವವರು ತಮ್ಮ ಇಷ್ಟದಂತೆ ತೆಗೆಯಲಾಗದಂತೆ ಮಾಡಿರುವುದೂ ನ್ಯಾಯಾಧೀಶರ ಗೌರವಾರ್ಥವೆಂದು ಕೆಲವರು ತಿಳಿಯುವರು. ಅದರ ಫಲವನ್ನು ಉಣ್ಣುವವನು ಕಟಕಟೆಯಲ್ಲಿ ನಿಂತವನು.

ಎರಡನೆಯ ಪ್ರಸಂಗವು ಹಾಸ್ಯದ ವೇಷವನ್ನು ತೊಟ್ಟು ಬಂದಿದೆ. ಕೊಲೆಯನ್ನು ವರ್ಣಿಸುವ ಭರದಲ್ಲಿ ಶಕಾರನು, ತಾನು ಮಾಡಲಿಲ್ಲವೆಂಬ ಮಾತನ್ನು ಯಾರೂ ಕೇಳದೆಯೇ ಆಡಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಅಧಿಕರಣಿಕನು ಚುರುಕಾಗಿ ಅದನ್ನೇ ಮೊದಲು ಬರೆಯಿಸುತ್ತಾನೆ. ಶಕಾರನು ಆ ಬರಹವನ್ನು ಕಾಲಿನಿಂದ ಒರೆಸಿಬಿಡುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಆದರೆ ಆ ಸಭೆಯಲ್ಲಿ ಒರೆಸಿದ್ದನ್ನು ಮರಳಿ ಬರೆಯಿರೆಂದು ಕೇಳುವವನು ಯಾರು? ಆಪಾದಿತನು ಇನ್ನೂ ಅಲ್ಲಿಗೆ ಬಂದೇ ಇಲ್ಲ. ಅವನ ಪಕ್ಷದಲ್ಲಿ ನಿಂತು ನೋಡುವ ಕಣ್ಣೂ ಇಲ್ಲ. ಹೀಗೆ ಆಪಾದಿತನ ಬಿಡುಗಡೆಗೆ ಸಾಕಾಗಬಹುದಾಗಿದ್ದ ಸುಳಿವೊಂದು ನಗೆಯ ನಡುವೆ ಅಳಿಸಿಹೋಯಿತು.

ಇತ್ತ ಚಾರುದತ್ತನಿಗೆ ಕರೆಯು ಬರುವುದು. ಕಾರಣವನ್ನು ಮಾತ್ರ ಯಾರೂ ಹೇಳುವುದಿಲ್ಲ. ಅಪಶಕುನಗಳನ್ನು ಎಣಿಸುತ್ತ, ತನ್ನ ಯಾವ ಕಾರ್ಯವು ರಾಜನ ಕಿವಿಗೆ ಬಿದ್ದಿತೋ ಎಂದು ತರ್ಕಿಸುತ್ತ ಅವನು ನಡೆದುಬರುತ್ತಾನೆ. ಬಂಧಿಸಿದವನಿಗೆ ಬಂಧನದ ಕಾರಣವನ್ನು ಆದಷ್ಟು ಬೇಗನೆ ತಿಳಿಸತಕ್ಕದ್ದು, ತನಗೆ ಬೇಕಾದ ವಕೀಲನೊಡನೆ ಸಮಾಲೋಚಿಸಿ ಅವನಿಂದ ವಾದಿಸಿಕೊಳ್ಳುವ ಹಕ್ಕನ್ನು ಕೊಡತಕ್ಕದ್ದು, ಪ್ರಯಾಣದ ಕಾಲವನ್ನು ಬಿಟ್ಟು ೨೪ ಗಂಟೆಗಳೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸತಕ್ಕದ್ದು ಎಂದು ೨೨ನೆಯ ಅನುಚ್ಛೇದವು ವಿಧಿಸುವುದು. ಈ ಅನುಚ್ಛೇದವು ಸಂವಿಧಾನದ ಮೊದಲ ಕರಡಿನಲ್ಲಿ ಇರಲಿಲ್ಲ. ವ್ಯಕ್ತಿಸ್ವಾತಂತ್ರ್ಯದ ಅನುಚ್ಛೇದವೊಂದೇ ಸಾಲದೆಂಬ ಅಸಮಾಧಾನವು ಸಭೆಯಲ್ಲಿ ಬೆಳೆದ ಮೇಲೆ, ೧೯೪೯ನೆಯ ಸೆಪ್ಟೆಂಬರಿನಲ್ಲಿ ಡಾಕ್ಟರ್ ಅಂಬೇಡ್ಕರರು ಇದನ್ನು ಮಂಡಿಸಿದರು. ನಮ್ಮ ಸ್ಮೃತಿಕಾರರಲ್ಲಿ ಕಾತ್ಯಾಯನನು ಘೋರಾಪರಾಧಗಳಲ್ಲಿ ಪ್ರತಿನಿಧಿಯು ಕೂಡದೆಂದಿರುವನು. ಎಲ್ಲಿ ಪ್ರಾಣವೇ ಪಣವಾಗಿದೆಯೋ ಅಲ್ಲಿಯೇ ಆಪಾದಿತನು ಒಂಟಿ. ನಮ್ಮ ಅನುಚ್ಛೇದವು ಆ ಒಂಟಿತನವನ್ನು ನೀಗಿಸಲು ಹೊರಟಿದೆ.

ಸಾಕ್ಷ್ಯಗಳ ಜೋಡಣೆಯಲ್ಲಿ ಕವಿಯ ಕುಶಲತೆಯು ಅಸಾಧಾರಣವಾದುದು. ವಸಂತಸೇನೆಯ ತಾಯಿಯು, ಮಗಳು ಚಾರುದತ್ತನ ಮನೆಗೆ ಹೋದಳೆನ್ನುತ್ತಾಳೆ, ಅದು ನಿಜ. ವೀರಕನು ಬೇರೊಂದು ದೂರನ್ನು ಹೊತ್ತು ಬಂದು, ಚಾರುದತ್ತನ ಬಂಡಿಯಲ್ಲಿ ಅವಳನ್ನು ಉದ್ಯಾನಕ್ಕೆ ಕರೆದೊಯ್ಯಲಾಗುತ್ತಿತ್ತೆಂದು ತಾನು ಕೇಳಿದ್ದನ್ನು ಹೇಳುತ್ತಾನೆ; ಹಾಗೆ ಕೇಳಿದ್ದು ನಿಜ. ಅವನೇ ಕುದುರೆಯೇರಿ ಹೋಗಿ ನೋಡಿ, ಕಾಡುಮೃಗಗಳು ಹರಿದು ತಿಂದ ಹೆಣ್ಣಿನ ಹೆಣವೊಂದು ಅಲ್ಲಿದೆಯೆಂದು ವರದಿ ತರುತ್ತಾನೆ, ಅದೂ ನಿಜ. ಮೈತ್ರೇಯನ ಕಂಕುಳಿನಿಂದ ಆಭರಣಗಳು ಸಭೆಯ ನಡುವೆ ಬೀಳುತ್ತವೆ, ಅವು ವಸಂತಸೇನೆಯವೇ. ಒಂದೊಂದೂ ಸತ್ಯ, ಕೂಡಿದಾಗ ಮಹಾ ಅಸತ್ಯ. ಸಿಕ್ಕಿದ ಹೆಣವು ಯಾರದೆಂದು ಒಬ್ಬರೂ ನಿರ್ಧರಿಸುವುದಿಲ್ಲ. ಆಭರಣಗಳು ರೋಹಸೇನನ ಮಣ್ಣಿನ ಬಂಡಿಯನ್ನು ಚಿನ್ನದ್ದಾಗಿಸಿಕೊಳ್ಳಲೆಂದು ವಸಂತಸೇನೆಯು ತಾನಾಗಿ ಮಗುವಿಗೆ ಕೊಟ್ಟವೆಂಬ ಸಂಗತಿಯನ್ನು ಒಬ್ಬರೂ ಹೊರಗೆ ತರುವುದಿಲ್ಲ. ಸಾಕ್ಷಿಯನ್ನು ಮರುಪ್ರಶ್ನಿಸುವ ಒಬ್ಬ ವಕೀಲನು ಅಲ್ಲಿದ್ದಿದ್ದರೆ ಎರಡೇ ಪ್ರಶ್ನೆಗಳಿಂದ ಈ ಕಟ್ಟಡವು ಕುಸಿಯುತ್ತಿತ್ತು.

ಚಾರುದತ್ತನೇ ಏಕೆ ಹೇಳಲಿಲ್ಲವೆಂದು ವಾಚಕರು ಕೇಳಬಹುದು. ಅವನ ಮೌನವನ್ನು ವಿರಹಕ್ಕೂ ಲಜ್ಜೆಗೂ ಆರೋಪಿಸುವುದು ವಾಡಿಕೆ. ಅವೆರಡೂ ಉಂಟು, ಇನ್ನೊಂದೂ ಉಂಟು. ಅಂದು ಅವನ ಬಂಡಿಯಲ್ಲಿ ಹೋದವನು ಆರ್ಯಕ. ಗೊಲ್ಲರ ಈ ಯುವಕನು ಮುಂದೆ ರಾಜನಾಗುವನೆಂದು ಸಿದ್ಧನೊಬ್ಬನು ನುಡಿದನೆಂಬ ಮಾತ್ರಕ್ಕೆ ಪಾಲಕನು ಅವನನ್ನು ಸೆರೆಯಲ್ಲಿಟ್ಟಿದ್ದನು. ಸೆರೆಯಿಂದ ತಪ್ಪಿಸಿಕೊಂಡು ಬಂದ ಅವನಿಗೆ ಚಾರುದತ್ತನು ಅಭಯವಿತ್ತು ಕಳುಹಿಸಿದ್ದನು. ಬಂಡಿಯ ವೃತ್ತಾಂತವನ್ನೆಲ್ಲ ಬಿಚ್ಚಿದರೆ ಕೊಲೆಯ ಆಪಾದನೆಯಿಂದ ಪಾರಾಗಿ ರಾಜದ್ರೋಹದ ಬಾಯಿಗೆ ಬೀಳಬೇಕು, ಶರಣಾಗತನಿಗೂ ಕೇಡು. ಆದುದರಿಂದ ನಿರಪರಾಧಿಯೂ ಮೌನವಾಗಿರುವುದಕ್ಕೆ ಕಾರಣವಿರಬಹುದೆಂಬ ಸೂಕ್ಷ್ಮವು ಇಲ್ಲಿ ಅಡಗಿದೆ. ಆಪಾದಿತನಾದ ಯಾವ ವ್ಯಕ್ತಿಯನ್ನೂ ತನಗೆ ವಿರುದ್ಧವಾಗಿ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಕೂಡದೆಂದು ೨೦ನೆಯ ಅನುಚ್ಛೇದದ ಮೂರನೆಯ ಖಂಡವು ಹೇಳುವುದು. ೧೯೭೮ರಲ್ಲಿ ನಂದಿನಿ ಸತ್ಪಥಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ರಕ್ಷಣೆಯು ಪ್ರಕೃತದ ಆಪಾದನೆಗೆ ಮಾತ್ರ ಸೀಮಿತವಲ್ಲ, ಉತ್ತರದಿಂದ ಬೇರೊಂದು ಅಪರಾಧದ ಆಪಾದನೆಗೆ ಸಿಕ್ಕಿಬೀಳುವ ಸಂಭವವಿದ್ದಾಗಲೂ ಅನ್ವಯಿಸುವುದೆಂದು ತೀರ್ಮಾನಿಸಿತು. ಚಾರುದತ್ತನ ಸಂಕಟಕ್ಕೆ ಇದಕ್ಕಿಂತ ಹತ್ತಿರದ ಭಾಷ್ಯವನ್ನು ನಾವು ಕಾಣೆವು.

ಇನ್ನು ಅಂಕದ ಅತ್ಯಂತ ದಾರುಣವಾದ ಭಾಗ. ಆಭರಣಗಳು ಬಿದ್ದ ಮೇಲೆ ಅಧಿಕರಣಿಕನ ಧಾಟಿಯು ಬದಲಾಗುವುದು. ಸತ್ಯವನ್ನು ನುಡಿಯದಿದ್ದರೆ ಮೈಮೇಲೆ ಚಾವಟಿಯು ಬೀಳುವುದೆಂದು ಅದೇ ಸಜ್ಜನನು ಹೇಳುತ್ತಾನೆ. ಆ ಮಾತಿನಲ್ಲಿ ಮರುಕವಿದೆ. ಮರುಕದೊಳಗೆ ಚಾವಟಿಯೂ ಇದೆ. ಚಾರುದತ್ತನು ವಸಂತಸೇನೆಯಿಲ್ಲದ ಬದುಕಿನಲ್ಲಿ ರುಚಿಯನ್ನು ಕಾಣದವನಾಗಿ, ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದುದನ್ನು ಇವನೇ ಹೇಳುವನೆಂದು ಶಕಾರನನ್ನು ತೋರಿಸುತ್ತಾನೆ. ‘ಕೊಂದೆ’ನೆಂಬ ಮುಖ್ಯ ಪದವನ್ನು ಪೂರೈಸುವವನು ಶಕಾರನೇ. ಆಪಾದಿತನ ತಪ್ಪೊಪ್ಪಿಗೆಯಲ್ಲಿ ಕ್ರಿಯಾಪದವು ಫಿರ್ಯಾದಿಯದು! ವ್ಯಾಕರಣವನ್ನು ಬಲ್ಲ ಕವಿಯು ಇದನ್ನು ಅರಿಯದೆ ಬರೆದನೆಂದು ಹೇಳಲಾಗದು. ಅಷ್ಟಕ್ಕೇ ಅಧಿಕರಣಿಕನು ನಿರ್ಣಯವಾಯಿತೆಂದು ತಿಳಿದು ಅವನನ್ನು ಹಿಡಿಯಲು ಆಜ್ಞಾಪಿಸುತ್ತಾನೆ.

ಭಯದಿಂದ ಹೊರಟ ಒಪ್ಪಿಗೆಯು ಪ್ರಮಾಣವಾಗದೆಂಬುದು ನಮ್ಮ ಹಿರಿಯರಿಗೆ ತಿಳಿಯದ ವಿಷಯವಾಗಿರಲಿಲ್ಲ. ೧೯೦೯ರಲ್ಲಿ ಮೈಸೂರಿನಿಂದ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಳ್ಳನಲ್ಲದ ಮಾಂಡವ್ಯನು ಹಿಂಸೆಯ ಭಯದಿಂದ ತಾನು ಕಳ್ಳನೆಂದು ನುಡಿದ ದೃಷ್ಟಾಂತವನ್ನು ಕೊಟ್ಟು, ಪ್ರಮಾಣಗಳು ಪೂರ್ಣವಾದ ಬಳಿಕವೇ ನಿರ್ಣಯಿಸಬೇಕೆಂದು ಎಚ್ಚರಿಸಿದೆ. ಆದಾಗ್ಯೂ ಅದೇ ಅಧ್ಯಾಯವು, ದೋಷವು ಬಹುಮಟ್ಟಿಗೆ ಗೋಚರವಾದವನನ್ನು ಹಿಂಸಿಸಬಹುದೆಂದು ಆ ಹಿಂಸೆಯ ಪ್ರಕಾರಗಳನ್ನೂ ಎಣಿಸುತ್ತದೆ. ಅಪಾಯವು ತಿಳಿದಿದ್ದರೂ ಕೈಯಿಂದ ಚಾವಟಿಯನ್ನು ಕೆಳಗಿಡಲು ಮನಸ್ಸು ಬರಲಿಲ್ಲ. ಅಧಿಕಾರದಲ್ಲಿರುವವನ ಬೆದರಿಕೆಯಿಂದಲೋ ಆಮಿಷದಿಂದಲೋ ಹೊರಟ ತಪ್ಪೊಪ್ಪಿಗೆಯು ನಿಲ್ಲದೆಂದೂ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ಮೇಲೆ ಪ್ರಯೋಗಿಸಕೂಡದೆಂದೂ ೧೮೭೨ರ ಸಾಕ್ಷ್ಯ ಕಾಯಿದೆಯು ವಿಧಿಸಿತು. ೨೦೨೪ನೆಯ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ನಿಯಮಗಳು ಉಳಿದಿವೆ.

ತನ್ನನ್ನು ವಿಷ, ಜಲ, ತುಲೆ, ಅಗ್ನಿಗಳ ದಿವ್ಯದಿಂದ ಪರೀಕ್ಷಿಸಬಹುದಾಗಿತ್ತೆಂಬ ಅಳಲು ಅಂಕದ ಕೊನೆಯಲ್ಲಿ ಚಾರುದತ್ತನ ಬಾಯಲ್ಲಿ ಬರುವುದು. ಲಿಖಿತ, ಭುಕ್ತಿ, ಸಾಕ್ಷಿಗಳು ಇಲ್ಲದಾಗ ದಿವ್ಯವೆಂದು ಯಾಜ್ಞವಲ್ಕ್ಯಸ್ಮೃತಿಯ ಮತ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಅದನ್ನು ವಿಸ್ತರಿಸಿರುವನು. ದಿವ್ಯಗಳ ಕಾಲವು ಕಳೆಯಿತೆಂದು ನಾವು ನಿಶ್ಚಿಂತರಾಗಿರುವಾಗ, ಮದ್ದನ್ನು ಚುಚ್ಚಿ ಮನುಷ್ಯನನ್ನು ಮಂಪರಿಗೆ ತಂದು ಮಾತನಾಡಿಸುವ, ಯಂತ್ರಗಳಿಂದ ನಾಡಿಯನ್ನೂ ಮಿದುಳನ್ನೂ ಶೋಧಿಸುವ ಹೊಸ ದಿವ್ಯಗಳು ನಮ್ಮ ಕಾಲದಲ್ಲಿ ಹುಟ್ಟಿಕೊಂಡವು. ಕರ್ನಾಟಕ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಮೊಕದ್ದಮೆಯಲ್ಲಿ, ೨೦೧೦ನೆಯ ಮೇ ೫ರಂದು, ಸಮ್ಮತಿಯಿಲ್ಲದೆ ಇಂತಹ ಪರೀಕ್ಷೆಗಳಿಗೆ ಯಾರನ್ನೂ ಒಳಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ನಾಲಗೆಯನ್ನು ಚಾವಟಿಯಿಂದ ಬಿಡಿಸಿದರೂ ಸೂಜಿಯಿಂದ ಬಿಡಿಸಿದರೂ ಬಲಾತ್ಕಾರವು ಬಲಾತ್ಕಾರವೇ.

ದಂಡವನ್ನು ವಿಧಿಸುವ ಸಂದರ್ಭವು ಬೇರೊಂದು ಪಾಠವನ್ನು ಹೇಳುವುದು. ನಿರ್ಣಯವು ತಮ್ಮದು, ಉಳಿದುದು ರಾಜನದೆಂದು ಹೇಳಿ, ಬ್ರಾಹ್ಮಣನು ವಧಾರ್ಹನಲ್ಲವೆಂಬ ಮನುವಿನ ಮಾತನ್ನು ಉದಾಹರಿಸಿ, ಗಡೀಪಾರು ಮಾಡಬಹುದೆಂದು ಅಧಿಕರಣಿಕನು ಬಿನ್ನವಿಸುತ್ತಾನೆ. ಪಾಲಕನು ಅದನ್ನು ಲೆಕ್ಕಿಸದೆ, ಆ ಆಭರಣಗಳನ್ನೇ ಕೊರಳಿಗೆ ಕಟ್ಟಿ ಶೂಲಕ್ಕೇರಿಸಲು ಆಜ್ಞಾಪಿಸುತ್ತಾನೆ. ಇಲ್ಲಿ ಎರಡು ಕೊರತೆಗಳಿವೆ. ಜಾತಿಯ ಕಾರಣದಿಂದ ದೊರೆಯುವ ರಕ್ಷಣೆಯು ರಕ್ಷಣೆಯೇ ಅಲ್ಲ. ಅದೇ ಕಟಕಟೆಯಲ್ಲಿ ಸ್ಥಾವರಕನು ನಿಂತಿದ್ದರೆ ಅವನಿಗಾಗಿ ಯಾವ ಸ್ಮೃತಿಯೂ ತೆರೆಯುತ್ತಿರಲಿಲ್ಲ. ಅಂಥ ರಕ್ಷಣೆಯೂ ರಾಜನ ಒಂದು ಮಾತಿಗೆ ಹಾರಿಹೋಯಿತು, ಅವನನ್ನು ಕಟ್ಟುವ ಹಗ್ಗವು ಯಾರ ಕೈಯಲ್ಲಿಯೂ ಇಲ್ಲದಿದ್ದುದರಿಂದ. ಕಾನೂನಿನಿಂದ ಸ್ಥಾಪಿತವಾದ ಕ್ರಮವನ್ನು ಅನುಸರಿಸದೆ ಯಾವ ವ್ಯಕ್ತಿಯ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಹರಣ ಮಾಡಕೂಡದೆಂದು ೨೧ನೆಯ ಅನುಚ್ಛೇದವು ಹೇಳುವಾಗ ‘ಯಾವ ವ್ಯಕ್ತಿ’ ಎಂಬಲ್ಲಿ ಜಾತಿಯಿಲ್ಲ, ಸಿರಿತನವಿಲ್ಲ. ಆ ಕ್ರಮವು ನ್ಯಾಯಸಮ್ಮತವಾಗಿಯೂ ಇರಬೇಕೆಂದು ೧೯೭೮ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. ಸರ್ಕಾರವೇ ಮೀರಿದರೆ ನ್ಯಾಯಾಲಯದ ಬಾಗಿಲನ್ನು ತಟ್ಟಲು ೩೨ನೆಯ ಮತ್ತು ೨೨೬ನೆಯ ಅನುಚ್ಛೇದಗಳಿವೆ.

ಹತ್ತನೆಯ ಅಂಕದಲ್ಲಿ ಸ್ಥಾವರಕನು, ಶಕಾರನ ದಾಸನು, ಸರಪಳಿಯೊಡನೆ ಮಹಡಿಯಿಂದ ಹಾರಿ ಬಂದು ಸತ್ಯವನ್ನು ಕೂಗುತ್ತಾನೆ. ಶಕಾರನು ಅವನನ್ನು ಕಳ್ಳನೆಂದು ಬೈದು, ಹೊಡೆತದ ಬಾಸುಂಡೆಗಳನ್ನು ತೋರಿಸಿದೊಡನೆ ಎಲ್ಲರೂ ಶಕಾರನನ್ನೇ ನಂಬುತ್ತಾರೆ. ಬಡವನ ಸತ್ಯಕ್ಕೆ ತೂಕವಿಲ್ಲವೆಂಬ ಈ ದೃಶ್ಯವು ಹಳೆಯದಾಗಿಲ್ಲ. ಬಡ ಆಪಾದಿತರು ಜಾಮೀನಿಗೆ ಗತಿಯಿಲ್ಲದೆ, ವಿಚಾರಣೆಯೂ ಇಲ್ಲದೆ, ಅಪರಾಧವು ಸಿದ್ಧವಾಗಿದ್ದರೆ ಅನುಭವಿಸಬೇಕಾಗಿದ್ದ ಶಿಕ್ಷೆಗಿಂತಲೂ ಹೆಚ್ಚು ಕಾಲ ಬಿಹಾರದ ಸೆರೆಮನೆಗಳಲ್ಲಿ ಕೊಳೆಯುತ್ತಿದ್ದ ಸಂಗತಿಯು ೧೯೭೯ರ ಹುಸೇನಾರಾ ಖಾತೂನ್ ಮೊಕದ್ದಮೆಯಿಂದ ಬೆಳಕಿಗೆ ಬಂದಿತು. ಶೀಘ್ರ ವಿಚಾರಣೆಯೂ ಉಚಿತ ಕಾನೂನು ನೆರವೂ ೨೧ನೆಯ ಅನುಚ್ಛೇದದ ಅಂಗಗಳೆಂದು ಅಲ್ಲಿ ನಿರ್ಣಯವಾಯಿತು.

ಶೀಘ್ರತೆಯೇ ಬೇರೆ, ಆತುರವೇ ಬೇರೆ. ಆತುರಕ್ಕೆ ಉತ್ತರವನ್ನು ಕವಿಯು ಪಂಡಿತನ ಬಾಯಲ್ಲಿ ಇಡದೆ ಚಂಡಾಲನ ಬಾಯಲ್ಲಿ ಇಟ್ಟಿರುವನು. ವಧ್ಯನನ್ನು ಆತುರಪಟ್ಟು ಕೊಲ್ಲಬೇಡ, ಯಾರಾದರೂ ಹಣ ಕೊಟ್ಟು ಬಿಡಿಸಬಹುದು, ರಾಜನಿಗೆ ಮಗನು ಹುಟ್ಟಬಹುದು, ರಾಜನೇ ಬದಲಾಗಬಹುದು ಎಂದು ಸಾಯುವಾಗ ತಂದೆಯು ತನಗೆ ಹೇಳಿದನೆಂದು ಅವನು ನೆನೆಯುತ್ತಾನೆ. ಆ ತಡದಿಂದಲೇ ಚಾರುದತ್ತನು ಬದುಕುತ್ತಾನೆ. ಸತ್ತಳೆಂದುಕೊಂಡ ವಸಂತಸೇನೆಯು ಭಿಕ್ಷುವಿನೊಡನೆ ಓಡಿಬರುತ್ತಾಳೆ. ಸೆಷನ್ಸ್ ನ್ಯಾಯಾಲಯವು ವಿಧಿಸಿದ ಮರಣದಂಡನೆಯು ಉಚ್ಚ ನ್ಯಾಯಾಲಯದ ದೃಢೀಕರಣವಿಲ್ಲದೆ ಜಾರಿಯಾಗಕೂಡದೆಂಬ ಇಂದಿನ ನಿಯಮವು, ಚಂಡಾಲನ ತಂದೆಯು ಕಂಡ ವಿವೇಕವನ್ನೇ ಕಟ್ಟಳೆಯಾಗಿ ಮಾಡಿರುವುದು.

ಅಪರಾಧಿಗಳಿಗೆ ಇಷ್ಟೆಲ್ಲ ಉಪಚಾರವೇಕೆ, ನೊಂದವರ ಗತಿಯೇನು ಎಂಬ ಪ್ರಶ್ನೆಯು ಇಂದು ಸುಶಿಕ್ಷಿತರ ಮನೆಗಳಲ್ಲಿಯೂ ಕೇಳಿಬರುವುದು. ಪ್ರಶ್ನೆಯು ಅನಾದರಕ್ಕೆ ಯೋಗ್ಯವಲ್ಲ. ಅದಕ್ಕೆ ಉತ್ತರವು ಈ ನಾಟಕದಲ್ಲಿಯೇ ಇದೆ. ಇಲ್ಲಿ ನೊಂದವಳು ವಸಂತಸೇನೆ. ಚಾರುದತ್ತನನ್ನು ಹಿಡಿದ ಕ್ಷಣದಿಂದ ಅವಳ ಕೊರಳಿಗೆ ಕೈಯಿಟ್ಟವನನ್ನು ಹುಡುಕುವವರೇ ಇಲ್ಲ. ಅವನು ಸಭೆಯಲ್ಲಿಯೇ ಕುಳಿತು ನಗುತ್ತಿದ್ದಾನೆ. ಮಗಳನ್ನು ಕಳೆದುಕೊಂಡೆನೆಂದು ನಂಬಿದ ತಾಯಿಯೇ ಎದ್ದುನಿಂತು, ಈ ವ್ಯಾಜ್ಯದಲ್ಲಿ ವಾದಿಯು ತಾನು, ಇವನನ್ನು ಬಿಡಿರೆಂದು ಬೇಡಿದರೆ ಅವಳನ್ನು ಗದರಿಸಿ ಹೊರಗೆ ಕಳುಹಿಸುತ್ತಾರೆ. ನಿರಪರಾಧಿಯನ್ನು ದಂಡಿಸಿದ ನ್ಯಾಯಸ್ಥಾನವು ನೊಂದವರಿಗೂ ದ್ರೋಹ ಬಗೆಯುತ್ತದೆ. ಆಪಾದಿತನೆಂಬ ಪದವನ್ನೂ ಅಪರಾಧಿಯೆಂಬ ಪದವನ್ನೂ ಬೇರೆಬೇರೆಯಾಗಿ ಇಡಬೇಕಾದುದು ಇದಕ್ಕಾಗಿಯೇ.

ಇಷ್ಟನ್ನು ಹೇಳಿದ ಮೇಲೆ ನಮ್ಮ ಕಡೆಯ ಕೊರತೆಯನ್ನು ಮರೆಸುವುದು ಉಚಿತವಲ್ಲ. ಭವಿಷ್ಯವಾಣಿಗೆ ಹೆದರಿ ಆರ್ಯಕನನ್ನು ಸೆರೆಯಿಟ್ಟ ಪಾಲಕನನ್ನು ನಿಂದಿಸುವ ನಾವು, ಮುಂದೆ ಮಾಡಬಹುದಾದ ಕಾರ್ಯಕ್ಕಾಗಿ ಹಿಡಿದಿಡುವ ನಿವಾರಕ ಬಂಧನಕ್ಕೆ ಅದೇ ೨೨ನೆಯ ಅನುಚ್ಛೇದದಲ್ಲಿ ಎಡೆಗೊಟ್ಟಿದ್ದೇವೆ; ಹಾಗೆ ಬಂಧಿತನಾದವನಿಗೆ ೨೪ ಗಂಟೆಗಳ ನಿಯಮವೂ ವಕೀಲನ ಹಕ್ಕೂ ಆ ಅನುಚ್ಛೇದದಿಂದ ದೊರೆಯುವುದಿಲ್ಲ. ಚಾವಟಿಯೂ ಪೂರ್ಣವಾಗಿ ಮೂಲೆ ಸೇರಿಲ್ಲ. ಬಂಧನದ ಕಾಲದಲ್ಲಿ ಪೊಲೀಸರು ಅನುಸರಿಸಬೇಕಾದ ನಿಯಮಗಳನ್ನು ೧೯೯೬ರಲ್ಲಿ ಡಿ. ಕೆ. ಬಸು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಒಂದೊಂದಾಗಿ ಬರೆದುಕೊಡಬೇಕಾಗಿ ಬಂದಿತೆಂದರೆ, ಅನುಚ್ಛೇದಕ್ಕೂ ಠಾಣೆಗೂ ನಡುವೆ ಎಷ್ಟು ದೂರವಿತ್ತೆಂಬುದು ಊಹ್ಯ.

ಕಡೆಯದಾಗಿ ಕವಿಯ ಮೇಲೆಯೇ ಒಂದು ಆಕ್ಷೇಪ. ಆರ್ಯಕನು ಪಾಲಕನನ್ನು ಕೊಂದು ರಾಜನಾಗುತ್ತಾನೆ, ಸ್ಥಾವರಕನ ದಾಸ್ಯವು ತೊಲಗುವುದು, ಚಂದನಕನಿಗೆ ಪದವಿ, ಭಿಕ್ಷುವಿಗೆ ವಿಹಾರಗಳ ಒಡೆತನ, ಚಂಡಾಲರಿಗೂ ಬಡ್ತಿ. ಶರಣೆಂದ ಶಕಾರನನ್ನು ಚಾರುದತ್ತನು ಕ್ಷಮಿಸಿ ಬಿಡಿಸುತ್ತಾನೆ; ಅವನಿಗೆ ವಿಚಾರಣೆಯೇ ಇಲ್ಲ. ಧರ್ಮಾಧಿಕರಣದ ವಿಷಯವಾಗಿ ಮಾತ್ರ ಒಂದು ಮಾತೂ ಇಲ್ಲ. ಅದೇ ಪೀಠ, ಅದೇ ಚಾವಟಿ, ಕಾಲಿನಿಂದ ಒರೆಸಬಹುದಾದ ಅದೇ ಬರಹ. ನಾಳೆ ಅಲ್ಲಿಗೆ ಬರುವ ಆಪಾದಿತನಿಗೆ ವಸಂತಸೇನೆಯು ಓಡಿಬರುವಳೆಂಬ ಭರವಸೆಯಿಲ್ಲ. ಕರುಣಾಳುವಾದ ಕವಿಯು ಒಬ್ಬ ಚಾರುದತ್ತನನ್ನು ಉಳಿಸಿದನು. ಉಳಿದವರನ್ನು ಉಳಿಸುವ ಕಾರ್ಯವು ಕಾವ್ಯದಿಂದ ಆಗತಕ್ಕದ್ದಲ್ಲ. ಅದನ್ನು ೨೦, ೨೧, ೨೨ನೆಯ ಅನುಚ್ಛೇದಗಳಿಗೆ ಒಪ್ಪಿಸಲಾಗಿದೆ, ಆ ಮೂಲಕ ಅವುಗಳನ್ನು ಕಾಯಬೇಕಾದ ನಮಗೆ ಒಪ್ಪಿಸಲಾಗಿದೆ. ಒಂಬತ್ತನೆಯ ಅಂಕವನ್ನು ಮನೆಯ ಮಕ್ಕಳಿಗೆ ಓದಿಸುವಾಗ ಹಿರಿಯರು ಆಭರಣಗಳು ಬಿದ್ದ ಪ್ರಸಂಗವನ್ನು ಹೇಳುವಂತೆ, ಚಾವಟಿಯ ಮಾತನ್ನೂ ಆ ಅರ್ಧವಾಕ್ಯವನ್ನೂ ಬಿಡಿಸಿ ಹೇಳಲೆಂಬುದು ನಮ್ಮ ಪ್ರಾರ್ಥನೆ.